ಬ್ಯಾಕಪ್ ತೆಗೆದರಷ್ಟೇ ಸಾಲದು, ಅದು ಮರಳಿ ಬರಬೇಕು

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ಎರಡನೆಯ ಸರ್ವರಿನಲ್ಲಿ ಅಳಿಸಬೇಕಿದ್ದ ಡೇಟಾಬೇಸ್ ಕಡತಗಳನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲೇ ಪ್ರಮಾದ ಅರಿವಾಗಿ ಆಜ್ಞೆಯನ್ನು ತಡೆದರಾದರೂ, ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ಬ್ಯಾಕಪ್ ಇರಲಿಲ್ಲವೇ? ದಿನವೂ ತೆಗೆಯುವ ಏರ್ಪಾಡೇನೋ ಇತ್ತು. ಆದರೆ ಸರ್ವರಿನಲ್ಲಿದ್ದುದು ಪೋಸ್ಟ್‌ಗ್ರೆಸ್ 9.6, ಬ್ಯಾಕಪ್‌ಗೆ ಓಡುತ್ತಿದ್ದುದು ಪಿಜಿ-ಡಂಪ್ 9.2. ತನಗಿಂತ ಹೊಸ ಆವೃತ್ತಿಯ ಸರ್ವರನ್ನು ಪಿಜಿ-ಡಂಪ್ ಓದುವುದಿಲ್ಲ, ದೋಷ ಸೂಚಿಸಿ ನಿಂತುಬಿಡುತ್ತದೆ. ಆ ಸೂಚನೆ ಹೊತ್ತ ಇ-ಮೇಲ್‌ಗಳೂ ತಿರಸ್ಕೃತವಾಗಿ ಯಾರ ಕೈಗೂ ಸೇರಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ಅದೇ ತಂತ್ರಜ್ಞರು ತೆಗೆದಿದ್ದ ಡಿಸ್ಕ್ ಪ್ರತಿಯೇ ಕೊನೆಗೆ ಮಾನ ಉಳಿಸಿತು. ನಡುವಿನ ಅವಧಿಯ ಸುಮಾರು 5,000 ಟಿಪ್ಪಣಿಗಳು, 700 ಹೊಸ ಖಾತೆಗಳು ನಷ್ಟವಾದವೆಂದು ಸಂಸ್ಥೆಯೇ ಅಂದಾಜಿಸಿತು.

ಆಜ್ಞೆಗಳೇನೂ ಕಠಿಣವಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ‘ಮೈಎಸ್‌ಕ್ಯೂಎಲ್‌ಡಂಪ್’ ಎಂದು ಬರೆದು, ಡೇಟಾಬೇಸಿನ ಹೆಸರು ಕೊಟ್ಟು, ‘>’ ಚಿಹ್ನೆಯ ಮುಂದೆ ಕಡತದ ಹೆಸರಿಟ್ಟರೆ ಕೋಷ್ಟಕಗಳನ್ನು ಮರಳಿ ಕಟ್ಟುವ ಎಸ್‌ಕ್ಯೂಎಲ್ ಸಾಲುಗಳೆಲ್ಲ ಅದರೊಳಗೆ ಇಳಿಯುತ್ತವೆ. ‘ಮೈಎಸ್‌ಕ್ಯೂಎಲ್’ ಆಜ್ಞೆಗೆ ‘<’ ಚಿಹ್ನೆಯಿಂದ ಅದೇ ಕಡತ ಉಣಿಸಿದರೆ ಮರುಸ್ಥಾಪನೆ. ‘ಸಿಂಗಲ್-ಟ್ರಾನ್ಸಾಕ್ಷನ್’ ಆಯ್ಕೆ ಸೇರಿಸಿದರೆ ಇನೋಡಿಬಿ ಕೋಷ್ಟಕಗಳು ಬಳಕೆಯಲ್ಲಿರುವಾಗಲೇ, ಬೀಗ ಹಾಕದೆ, ಒಂದೇ ಕ್ಷಣದ ಸ್ಥಿತಿಯಲ್ಲಿ ಪ್ರತಿಯಾಗುತ್ತವೆ. ಸಂಗ್ರಹಿತ ಪ್ರೊಸೀಜರ್‌ಗಳು ಮಾತ್ರ ‘ರೂಟೀನ್ಸ್’ ಎಂದು ಕೇಳದ ಹೊರತು ಬರುವುದಿಲ್ಲ. ಇದು ಅನೇಕರಿಗೆ ಗೊತ್ತಾಗುವುದು ಮರುಸ್ಥಾಪನೆಯ ದಿನವೇ! ಪೋಸ್ಟ್‌ಗ್ರೆಸ್‌ನಲ್ಲಿಯೂ ಬಳಕೆದಾರರ ಖಾತೆಗಳು ಪಿಜಿ-ಡಂಪ್‌ನೊಳಗೆ ಸೇರವು. ಅವಕ್ಕೆ ‘ಪಿಜಿ-ಡಂಪ್‌ಆಲ್’ ಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಬೀಳದು. ಸ್ಥಳ ಉಳಿಸಲು ಡಂಪನ್ನು ಪೈಪ್ ಮೂಲಕ ಜಿಜಿಪ್‌ಗೆ ಕಳಿಸುವುದು ರೂಢಿ. ಆಗ ಶೆಲ್ ಪರಿಗಣಿಸುವುದು ಕೊನೆಯ ಆಜ್ಞೆಯ ಫಲಿತಾಂಶವನ್ನು ಮಾತ್ರ. ಡಂಪ್ ಅರ್ಧಕ್ಕೆ ಮುರಿದರೂ ಜಿಜಿಪ್ ಸಲೀಸಾಗಿ ಮುಗಿದು ‘ಯಶಸ್ವಿ’ ಎನಿಸಿಕೊಳ್ಳುತ್ತದೆ. ಬ್ಯಾಷ್‌ನಲ್ಲಿ ‘ಪೈಪ್‌ಫೇಲ್’ ಆಯ್ಕೆ ಚಾಲೂ ಮಾಡಿದರೆ ಈ ವೈಫಲ್ಯ ಹೊರಬೀಳುತ್ತದೆ.

ಮರುಸ್ಥಾಪನೆಯ ಪರೀಕ್ಷೆಯನ್ನು ಚಾಲ್ತಿ ಡೇಟಾಬೇಸಿನ ಮೇಲೆ ನಡೆಸುವುದು ಸಲ್ಲದು. ಮೈಎಸ್‌ಕ್ಯೂಎಲ್ ಡಂಪ್ ಕಡತ ಸಾಮಾನ್ಯವಾಗಿ ಪ್ರತಿ ಕೋಷ್ಟಕವನ್ನೂ ಮೊದಲು ಅಳಿಸಿ, ಬಳಿಕ ಹೊಸದಾಗಿ ಕಟ್ಟುತ್ತದೆ. ಆದ್ದರಿಂದ ಬೇರೊಂದು ಯಂತ್ರದಲ್ಲಿ ಖಾಲಿ ಡೇಟಾಬೇಸ್ ರಚಿಸಿ, ಅಲ್ಲಿಗೆ ತುಂಬಿ, ಮುಖ್ಯ ಕೋಷ್ಟಕಗಳ ಸಾಲುಗಳನ್ನು ಎಣಿಸಿ, ಇತ್ತೀಚಿನ ದಾಖಲೆ ಯಾವ ದಿನಾಂಕದ್ದೆಂದು ನೋಡಬೇಕು. ತಗುಲಿದ ಸಮಯವನ್ನೂ ಬರೆದಿಟ್ಟುಕೊಳ್ಳಬೇಕು. ಸೇವೆ ಎಷ್ಟು ಹೊತ್ತು ನಿಲ್ಲಬಹುದೆಂದು ಕೇಳುವವರಿಗೆ ಕೊಡಲು ಬೇರೆ ಲೆಕ್ಕವಿಲ್ಲ.