ಬೆಂಕಿ ಬಿದ್ದ ಕೆರೆಯಲ್ಲೊಂದು ಪರಿಸರ ಪಾಠ

ನೀರಿಗೆ ಬೆಂಕಿ ಹತ್ತುವುದಿಲ್ಲವೆಂಬುದು ಮಗುವಿಗೂ ತಿಳಿದ ಸಂಗತಿ. ಆದರೆ 2015ರ ಮೇ ತಿಂಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಕೆರೆಯಿಂದ ಹೊಗೆ ಎದ್ದಿತು. 2018ರ ಜನವರಿಯಲ್ಲಂತೂ ಉರಿ ನಂದಿಸಲು ಅಗ್ನಿಶಾಮಕ ದಳದೊಡನೆ ಸೇನೆಯ ಯೋಧರೂ ಕೈಜೋಡಿಸಬೇಕಾಯಿತು. ಉತ್ಪಾದಕರು, ಭಕ್ಷಕರು, ವಿಘಟಕರು ಎಂದು ಪರೀಕ್ಷೆಗಾಗಿ ಉರು ಹೊಡೆಯುವ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಈ ಕೆರೆಗಿಂತ ಉತ್ತಮವಾದ ಪಠ್ಯಪುಸ್ತಕ ಸಿಗಲಾರದು.

ಜೀವಿಗಳಿಗೂ ಅವುಗಳ ಸುತ್ತಲಿನ ಪರಿಸರಕ್ಕೂ ಇರುವ ಸಂಬಂಧದ ಅಧ್ಯಯನಕ್ಕೆ ‘ಇಕಾಲಜಿ’ ಎಂಬ ಹೆಸರನ್ನು 1866ರಲ್ಲಿ ಕೊಟ್ಟವನು ಜರ್ಮನಿಯ ಅರ್ನ್ಸ್ಟ್ ಹೆಕೆಲ್. ಜೀವಿಗಳನ್ನೂ ನೀರು, ಗಾಳಿ, ಮಣ್ಣು, ಬೆಳಕುಗಳನ್ನೂ ಒಟ್ಟಾಗಿ ಒಂದೇ ಘಟಕವೆಂದು ನೋಡಬೇಕೆಂದು ‘ಇಕೋಸಿಸ್ಟಂ’, ಅಂದರೆ ಪರಿಸರ ವ್ಯವಸ್ಥೆ ಎಂಬ ಪದವನ್ನು 1935ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಆರ್ಥರ್ ಟಾನ್ಸ್ಲಿ. ಆದರೆ ಆ ವ್ಯವಸ್ಥೆಯ ಲೆಕ್ಕಪತ್ರ ಬರೆದದ್ದು ಒಂದು ಪುಟ್ಟ ಕೆರೆಯ ದಂಡೆಯಲ್ಲಿ. ಅಮೆರಿಕದ ಮಿನ್ನೆಸೋಟಾದ ಸೀಡರ್ ಬಾಗ್ ಸರೋವರವನ್ನು ವರ್ಷಗಟ್ಟಲೆ ಅಳೆದು ತೂಗಿದ ರೇಮಂಡ್ ಲಿಂಡೆಮನ್ ಎಂಬ ತರುಣ, ಅಲ್ಲಿನ ಒಂದು ಜೀವಿಗುಂಪಿನಿಂದ ಮತ್ತೊಂದಕ್ಕೆ ಎಷ್ಟು ಶಕ್ತಿ ದಾಟುತ್ತದೆಂದು ಕಂಡುಹಿಡಿಯಲು ಹೊರಟ. ಅವನ ಪ್ರಬಂಧವನ್ನು ವಿಮರ್ಶಕರು ಮೊದಲು ತಿರಸ್ಕರಿಸಿದ್ದರು. ಅದು 1942ರಲ್ಲಿ ಅಚ್ಚಾಗುವಷ್ಟರಲ್ಲಿ, ಇನ್ನೂ 27 ತುಂಬದ ಲಿಂಡೆಮನ್ ತೀರಿಕೊಂಡಿದ್ದ. ಇಂದು ಪಠ್ಯದಲ್ಲಿರುವ ‘ಶೇಕಡ 10ರ ನಿಯಮ’ದ ಬೇರು ಇರುವುದು ಅಲ್ಲಿ.

ಆ ನಿಯಮವನ್ನು ನಮ್ಮ ಊರಿನ ಒಂದು ಒಳ್ಳೆಯ ಕೆರೆಗೆ ಅನ್ವಯಿಸಿ ನೋಡೋಣ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು, ಅಂದರೆ ಸಸ್ಯಪ್ಲವಕಗಳು, ಬಿಸಿಲನ್ನು ಹಿಡಿದು ಆಹಾರ ತಯಾರಿಸುತ್ತವೆ. ಅವುಗಳನ್ನು ತಿನ್ನುವುದು ಪ್ರಾಣಿಪ್ಲವಕ, ಅದನ್ನು ತಿನ್ನುವುದು ಸಣ್ಣ ಮೀನು, ಸಣ್ಣ ಮೀನನ್ನು ಹಿಡಿಯುವುದು ಮಿಂಚುಳ್ಳಿ ಅಥವಾ ನೀರುಕಾಗೆ. ಪಾಚಿಯಲ್ಲಿ 10,000 ಕ್ಯಾಲರಿ ಶಕ್ತಿ ಇದ್ದರೆ ಪ್ರಾಣಿಪ್ಲವಕದ ಮೈಗೆ ಸೇರುವುದು ಸುಮಾರು 1,000, ಸಣ್ಣ ಮೀನಿಗೆ 100, ಮಿಂಚುಳ್ಳಿಗೆ 10. ಉಳಿದದ್ದು ಉಸಿರಾಟದಲ್ಲಿ ಶಾಖವಾಗಿ ಹೋಗುತ್ತದೆ, ಇಲ್ಲವೇ ತಿನ್ನದೆ ಉಳಿದು ಕೊಳೆಯುತ್ತದೆ. ಶೇಕಡ 10 ಎಂಬುದು ಸರಾಸರಿಯ ಅಂದಾಜು ಮಾತ್ರ. ಪ್ರಕೃತಿಯಲ್ಲಿ ಅದು ಹೆಚ್ಚು ಕಡಿಮೆಯಾಗುತ್ತದೆ. ಕೆರೆಯಲ್ಲಿ ಪಾಚಿ ಕೋಟಿಗಟ್ಟಲೆ ಇದ್ದರೂ ಮಿಂಚುಳ್ಳಿಗಳು ಬೆರಳೆಣಿಕೆಯಷ್ಟೇ ಇರುವುದೇಕೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಶಕ್ತಿ ಹೀಗೆ ಒಂದೇ ದಿಕ್ಕಿನಲ್ಲಿ ಹರಿದು ಮುಗಿಯುತ್ತದೆ. ಪೋಷಕಾಂಶಗಳು ಹಾಗಲ್ಲ, ಅವು ಸುತ್ತುತ್ತವೆ. ಈ ವ್ಯತ್ಯಾಸ ಮನದಟ್ಟಾದರೆ ಬೆಳ್ಳಂದೂರಿನ ಕಥೆ ಅರ್ಧ ತಿಳಿದಂತೆ. ಸತ್ತ ಮೀನು, ಉದುರಿದ ಎಲೆ, ಹಕ್ಕಿಯ ಹಿಕ್ಕೆ ಇವನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳೆಂಬ ವಿಘಟಕರು ಒಡೆದು ಸಾರಜನಕ, ರಂಜಕಗಳನ್ನು ಮತ್ತೆ ನೀರಿಗೆ ಬಿಡುತ್ತವೆ. ಪಾಚಿ ಅದನ್ನು ಮತ್ತೆ ಎತ್ತಿಕೊಳ್ಳುತ್ತದೆ. ಹಿಂದೆ ಈ ಸುತ್ತಿನಲ್ಲಿ ರೈತನೂ ಇದ್ದ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದ. ಮಳೆಯಲ್ಲಿ ಹೊಲದಿಂದ ಕೊಚ್ಚಿಬಂದ ಸಾರ ಹೀಗೆ ಹೊಲಕ್ಕೆ ಮರಳುತ್ತಿತ್ತು. ಇದಕ್ಕೆ ಯಾರೂ ‘ಪೋಷಕಾಂಶ ಚಕ್ರ’ ಎಂಬ ದೊಡ್ಡ ಹೆಸರು ಇಟ್ಟಿರಲಿಲ್ಲ, ಅಷ್ಟೇ.

ಜೀವಿಗಳ ಬೆಳವಣಿಗೆ ನಿಲ್ಲುವುದು ಅತ್ಯಂತ ವಿರಳವಾದ ಪೋಷಕಾಂಶ ಮುಗಿದಾಗ. ಸಾಗರದ ಪ್ಲವಕಗಳನ್ನು ಪರೀಕ್ಷಿಸಿದ ಆಲ್ಫ್ರೆಡ್ ರೆಡ್‌ಫೀಲ್ಡ್, ಅವುಗಳಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ 16, ಇಂಗಾಲದ 106 ಪರಮಾಣುಗಳಿರುತ್ತವೆಂದು ತೋರಿಸಿದ್ದ. ಪಾಚಿಗೆ ರಂಜಕ ಬೇಕಾಗುವುದು ಚಿಟಿಕೆಯಷ್ಟು, ಆದರೆ ಸಿಹಿನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಮೊದಲು ಕೊರತೆಯಾಗುವುದೂ ಅದೇ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪ್ರಯೋಗ ಕೆನಡಾದಲ್ಲಿ ನಡೆಯಿತು. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ‘226’ ಎಂಬ ಸಂಖ್ಯೆಯ ಸರೋವರದ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿ ಅದನ್ನು ಇಬ್ಭಾಗ ಮಾಡಿದರು. ಒಂದು ಕಡೆಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದು ಕಡೆಗೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಪಾಚಿ ಕಟ್ಟಿ ಹಸಿರಾಯಿತು, ಮತ್ತೊಂದು ಭಾಗ ಮೊದಲಿನಂತೆಯೇ ಉಳಿಯಿತು. ಆಕಾಶದಿಂದ ತೆಗೆದ ಆ ಒಂದು ಚಿತ್ರ ಸಾವಿರ ಪುಟದ ವರದಿಗಳಿಗಿಂತ ಹೆಚ್ಚು ಕೆಲಸ ಮಾಡಿತು. ಡಿಟರ್ಜೆಂಟ್‌ಗಳಲ್ಲಿ ಫಾಸ್ಫೇಟ್‌ಗೆ ಮಿತಿ ಹೇರಬೇಕೆಂಬ ವಾದಕ್ಕೆ ಅದು ಬಲ ತುಂಬಿತು.

ಈಗ ಬೆಳ್ಳಂದೂರಿಗೆ ಬರೋಣ. ರಾಜಕಾಲುವೆಗಳು ಮಳೆನೀರು ತರಬೇಕಾದಲ್ಲಿ ವರ್ಷವಿಡೀ ಚರಂಡಿ ನೀರು ತಂದವು. ಮಲಮೂತ್ರದಲ್ಲೂ ಬಟ್ಟೆ ಒಗೆದ ನೀರಿನಲ್ಲೂ ಇರುವ ರಂಜಕ, ಸಾರಜನಕಗಳು ಕೆರೆಯನ್ನು ಸೇರಿದವು. ಹೀಗೆ ನೀರಿನಲ್ಲಿ ಪೋಷಕಾಂಶ ಮಿತಿಮೀರುವುದಕ್ಕೆ ‘ಯೂಟ್ರೊಫಿಕೇಶನ್’ ಎನ್ನುತ್ತಾರೆ. ಅಜೀರ್ಣವಾಗುವಷ್ಟು ಉಣಿಸುವುದು ಎಂದರೂ ತಪ್ಪಾಗದು. ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಾಸಿಂತ್ ಅಥವಾ ಅಂತರಗಂಗೆ ಕಳೆಗೆ ಇದು ಹಬ್ಬದೂಟ. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಅದು ಇಮ್ಮಡಿಯಾಗಬಲ್ಲದು. ಅದನ್ನು ತಿನ್ನುವ ಸೊಂಡಿಲುಹುಳುವನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟು ಯಶಸ್ಸು ಕಂಡದ್ದುಂಟು. ಆದರೆ ಗೊಬ್ಬರ ಸುರಿಯುವುದು ನಿಲ್ಲದಿದ್ದರೆ ಹುಳುವಾದರೂ ಎಷ್ಟು ತಿಂದೀತು?

ಕಳೆ, ಪಾಚಿಗಳೂ ಆಮ್ಲಜನಕ ಬಿಡುವ ಹಸಿರು ಸಸ್ಯಗಳೇ ಅಲ್ಲವೇ, ಮೀನು ಏಕೆ ಸಾಯಬೇಕು ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ಒಳ್ಳೆಯ ಪ್ರಶ್ನೆ. ಗಾಳಿಯಲ್ಲಿ ಶೇಕಡ 21ರಷ್ಟು ಆಮ್ಲಜನಕವಿದೆ. ಆದರೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಮೀನುಗಾರಿಕೆಗೆ ಯೋಗ್ಯವೆನಿಸಲು ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಹಗಲಿನಲ್ಲಿ ಪಾಚಿ ಆಮ್ಲಜನಕ ಕೊಡುವುದು ನಿಜ. ಕತ್ತಲಾದ ಮೇಲೆ ದ್ಯುತಿಸಂಶ್ಲೇಷಣೆ ನಿಂತು ಉಸಿರಾಟ ಮಾತ್ರ ಉಳಿಯುತ್ತದೆ. ಆಗ ಪಾಚಿಯೂ ಮೀನೂ ಒಂದೇ ದಾಸ್ತಾನಿನಿಂದ ಆಮ್ಲಜನಕ ಸೆಳೆಯುತ್ತವೆ. ಇವೆರಡರ ಜೊತೆ ಕೊಳಚೆಯನ್ನು ಒಡೆಯುವ ಬ್ಯಾಕ್ಟೀರಿಯಾಗಳೂ ಸೇರಿದರೆ, ಬೆಳಗಿನ ಜಾವಕ್ಕೆ ದಾಸ್ತಾನು ಬರಿದಾಗುತ್ತದೆ. ಇಂಥ ಕೆರೆಗಳಲ್ಲಿ ಸತ್ತ ಮೀನು ಹೆಚ್ಚಾಗಿ ಕಾಣಿಸುವುದು ಮುಂಜಾನೆಯೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ನಗರದ ಓದುಗರು ಮರೆತಿರಲಾರರು. ನೀರಿನ ಮೇಲೆ ಅಂತರಗಂಗೆ ಚಾಪೆ ಹಾಸಿದರೆ ಕೆಳಗಿನ ಪಾಚಿಗೆ ಬೆಳಕೂ ಇಲ್ಲ, ನೀರಿಗೆ ಗಾಳಿಯ ಸಂಪರ್ಕವೂ ಇಲ್ಲ.

ಆಮ್ಲಜನಕ ಮುಗಿದಲ್ಲಿ ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೆಲಸಕ್ಕಿಳಿದು ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಎರಡನೆಯದರದು, ಉರಿಯುವ ಗುಣ ಮೊದಲನೆಯದರದು. ಇದಕ್ಕೆ ತೇಲುವ ಎಣ್ಣೆ ಜಿಡ್ಡು, ಒಣಗಿದ ಕಳೆ, ಸುರಿದ ಕಸ ಸೇರಿದರೆ ಕಿಡಿಯೊಂದು ಸಾಕು.

ನೊರೆಗೆ ಕಾರಣ ಫಾಸ್ಫೇಟ್ ಎಂದು ಆಗ ಪತ್ರಿಕೆಗಳು ಬರೆದದ್ದೇ ಬರೆದದ್ದು. ಅದು ಪೂರ್ತಿ ಸರಿಯಲ್ಲ. ನೊರೆ ಏಳಿಸುವುದು ಸಾಬೂನು ಪುಡಿಯಲ್ಲಿ ಕೊಳೆ ಬಿಡಿಸುವ ಸರ್ಫ್ಯಾಕ್ಟೆಂಟ್ ರಾಸಾಯನಿಕ. ಅದು ತುಂಬಿದ ನೀರು ಕೋಡಿಯಲ್ಲಿ ಧುಮುಕಿ ಕಡೆದಂತಾದಾಗ ನೊರೆ ಬೆಟ್ಟವಾಗುತ್ತದೆ. ಫಾಸ್ಫೇಟ್‌ನ ಅಪರಾಧ ಪಾಚಿ, ಕಳೆಗಳನ್ನು ಸಾಕುವುದು. ಒಂದೇ ಪೊಟ್ಟಣದಿಂದ ಬಂದರೂ ಎರಡರ ದಾರಿ ಬೇರೆ.

ಇಷ್ಟಾಗಿ ಚರಂಡಿ ನೀರು ನಿಲ್ಲಿಸಿದೊಡನೆ ಕೆರೆ ಗುಣವಾಗುವುದೇ? ಇಲ್ಲ. ಸಾರಜನಕವು ಬ್ಯಾಕ್ಟೀರಿಯಾಗಳ ಮೂಲಕ ಅನಿಲವಾಗಿ ಗಾಳಿಗೆ ಹೋಗಬಲ್ಲದು, ರಂಜಕಕ್ಕೆ ಆ ದಾರಿಯಿಲ್ಲ. ಅದು ಹೂಳಿನಲ್ಲಿ ಕೂರುತ್ತದೆ, ತಳದಲ್ಲಿ ಆಮ್ಲಜನಕ ಇಲ್ಲವಾದಾಗ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ದಶಕಗಳ ಹಳೆಯ ಸಾಲ ಹೀಗೆ ಬಡ್ಡಿ ಸಹಿತ ಮರಳುವುದರಿಂದಲೇ ಹೂಳೆತ್ತದೆ ಉಪಾಯವಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2018ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಈ ಕೆರೆಗಳ ಪುನಶ್ಚೇತನಕ್ಕೆ 500 ಕೋಟಿ ರೂಪಾಯಿ ಎತ್ತಿಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಿತು. ಆದರೆ ಈ ಹೂಳು ಅಂದಿನ ಗೋಡು ಮಣ್ಣಲ್ಲ. ನಗರದ ಕೊಳಚೆ ಕುಡಿದ ಹೂಳನ್ನು ಪರೀಕ್ಷಿಸದೆ ಹೊಲಕ್ಕೆ ಹಾಕುವಂತಿಲ್ಲ.

ಕೆರೆಗೆ ಗಡಿಯೂ ಇಲ್ಲ. ಬೆಳ್ಳಂದೂರಿನ ಕೋಡಿ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಮುಂದೆ ತಮಿಳುನಾಡಿಗೆ ಹರಿಯುತ್ತದೆ. ಇನ್ನೊಂದು ದಾರಿ ಮನುಷ್ಯ ಮಾಡಿದ್ದು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ 2018ರಲ್ಲಿ ಶುರುವಾಯಿತು. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿ, ಹೈಕೋರ್ಟ್ ಕೆಲಕಾಲ ನೀರು ಹರಿಸುವುದನ್ನು ತಡೆದಿತ್ತು. ಬರದ ನಾಡಿಗೆ ನೀರು ಬೇಡವೆನ್ನಲು ಯಾರಿಗೂ ಬಾಯಿ ಬಾರದು. ಕೆರೆ ತುಂಬಿದರೆ ಬತ್ತಿದ ಬಾವಿಗೂ ಜೀವ ಬರುತ್ತದೆ. ಆದರೆ ಎರಡನೆಯ ಹಂತದ ಸಂಸ್ಕರಣೆ ಮುಖ್ಯವಾಗಿ ಕೊಳೆಯುವ ವಸ್ತುವನ್ನು ತೆಗೆಯುತ್ತದೆ. ಅದಕ್ಕೆಂದೇ ಪ್ರತ್ಯೇಕ ಏರ್ಪಾಡು ಇಲ್ಲದಿದ್ದರೆ ರಂಜಕದ ಬಹುಪಾಲು ನೀರಿನಲ್ಲೇ ಉಳಿಯುತ್ತದೆ. ನೀರಿನೊಂದಿಗೆ ಪೋಷಕಾಂಶವೂ ಪ್ರಯಾಣ ಮಾಡುತ್ತದೆ, ಮತ್ತು ಕೋಲಾರದ ಕೆರೆಗಳ ತಳವೂ ಬೆಳ್ಳಂದೂರಿನ ತಳದಂತೆಯೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.