ಮರದ ಗಾಯ ಮಾಯುವುದೇ? — ವೃಕ್ಷಚಿಕಿತ್ಸಕನ ಕಸುಬು ಮತ್ತು ಸಲಕರಣೆ

ವೈಶಾಖ ಮುಗಿಯುತ್ತ ಬಂದಂತೆ ಮುಂಬಯಿಯ ಬೀದಿಗಳಲ್ಲಿ ಕೊಡಲಿ ಗರಗಸಗಳ ಸದ್ದು ಕೇಳತೊಡಗುತ್ತದೆ. ಮುಂಗಾರು ಕಾಲಿಡುವ ಮುನ್ನ ಮರಗಳ ಭಾರವನ್ನು ಇಳಿಸಬೇಕೆಂಬುದು ಇಲ್ಲಿಯ ವಾರ್ಷಿಕ ಕ್ರಮ. ರಸ್ತೆಯ ಬದಿಯ ಮರಗಳನ್ನು ನಗರಪಾಲಿಕೆಯೂ, ಆವರಣದೊಳಗಿನವನ್ನು ಅನುಮತಿ ಪಡೆದು ಆಯಾ ಸೊಸಾಯಿಟಿಗಳೂ ಕಡಿಸುತ್ತವೆ. ನಾವಿರುವ ಸೊಸಾಯಿಟಿಯ ಅಂಗಳದಲ್ಲಿ ಒಂದು ಹಿರಿಯ ಮಳೆಮರವಿದೆ. ಹನ್ನೆರಡು ವರ್ಷಗಳ ಹಿಂದೆ, ಲೆಕ್ಕಪತ್ರದ ಹೊಣೆ ನನ್ನ ಪಾಲಿಗೆ ಬಂದಿದ್ದಾಗ, ಅದರ ಒಂದು ತೋರವಾದ ಕೊಂಬೆಯನ್ನು ಕಡಿಸಿದೆವು. ಗುತ್ತಿಗೆದಾರನ ಆಳು ಬರಿಗಾಲಿನಲ್ಲಿ ಮರವೇರಿ, ಕೊಂಬೆಯನ್ನು ಕಾಂಡದ ಮಟ್ಟಕ್ಕೆ, ಕೀಸುಳಿ ಹಾಕಿದಷ್ಟು ನುಣ್ಣಗೆ ಕೊಯ್ದು, ಗಾಯಕ್ಕೆ ಡಾಂಬರು ಬಳಿದು ಇಳಿದನು. ಕೆಲಸ ಅಚ್ಚುಕಟ್ಟಾಗಿದೆಯೆಂದು ಬಿಲ್ಲಿಗೆ ರುಜು ಹಾಕಿದವನು ನಾನೇ.

ಕಳೆದ ವರ್ಷದ ಜೂನ್ ತಿಂಗಳ ಒಂದು ರಾತ್ರಿ, ಗಾಳಿಮಳೆಯಲ್ಲಿ, ಆ ಮರ ಅದೇ ಗಾಯದ ಬಳಿ ಸೀಳಿ, ಅರ್ಧ ತಲೆ ಸ್ಕೂಟರುಗಳ ಚಪ್ಪರದ ಮೇಲೆ ಬಿದ್ದಿತು. ಹಗಲಾಗಿದ್ದರೆ ಆ ಜಾಗದಲ್ಲಿ ಮಕ್ಕಳು ಆಡುತ್ತಿರುತ್ತಿದ್ದರು. ಬೆಳಗ್ಗೆ ನೋಡಿದರೆ ಡಾಂಬರಿನ ಮರೆಯಲ್ಲಿ ಮೊಳಕೈಯುದ್ದದ ಪೊಟರೆ. ಒಳಗೆಲ್ಲ ಲಡ್ಡು ಹಿಡಿದ ಪುಡಿ. ಅಚ್ಚುಕಟ್ಟೆಂದು ನಾವು ಮೆಚ್ಚಿದ ಕೆಲಸ ಏಕೆ ಕೆಟ್ಟಿತು? ನಾನು ವೃತ್ತಿಯಿಂದ ಬ್ಯಾಂಕಿನವನು. ಸಸ್ಯಶಾಸ್ತ್ರ ನನ್ನ ಅಧಿಕಾರದ ಕ್ಷೇತ್ರವಲ್ಲ. ಆದರೂ ಆ ಪ್ರಶ್ನೆಯ ಬೆನ್ನುಹತ್ತಿ ಓದಿದಾಗ, ಪಶ್ಚಿಮದ ದೇಶಗಳಲ್ಲಿ ‘ಟ್ರೀ ಸರ್ಜನ್’ ಎಂಬ ಹೆಸರಿನ ಒಂದು ಪ್ರತ್ಯೇಕ ಕಸುಬೇ ಬೆಳೆದಿರುವುದು ತಿಳಿಯಿತು. ಅದರ ಸ್ವರೂಪವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

೧. ಲೇಪದಿಂದ ಶಸ್ತ್ರಕ್ಕೆ

ಮರಕ್ಕೂ ರೋಗವುಂಟು, ರೋಗಕ್ಕೆ ಮದ್ದುಂಟು ಎಂಬ ಭಾವನೆ ನಮ್ಮವರಿಗೆ ಹೊಸದಲ್ಲ. ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ವು ಮರಕ್ಕೂ ವಾತ ಪಿತ್ತ ಕಫಗಳ ದೋಷವನ್ನು ಹೇಳಿ, ಲೇಪ ಧೂಪಗಳನ್ನು ವಿಧಿಸುತ್ತದೆ. ಕನ್ನಡದಲ್ಲಿಯೇ, ಕ್ರಿ.ಶ. ೧೦೨೫ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಇದಾದ ಎಷ್ಟೋ ಶತಮಾನಗಳ ಮೇಲೆ, ೧೭೯೧ರಲ್ಲಿ, ಲಂಡನ್ನಿನ ಕೆನ್ಸಿಂಗ್ಟನ್ ರಾಜೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಫಾರ್ಸೈತ್ ಎಂಬಾತನು ಮರದ ಗಾಯಗಳಿಗೆ ತಾನು ಕಂಡುಹಿಡಿದ ಲೇಪವನ್ನು ಪ್ರಕಟಿಸಿದನು. ಸಗಣಿ, ಹಳೆಯ ಕಟ್ಟಡದ ಸುಣ್ಣದ ಗಾರೆ, ಕಟ್ಟಿಗೆಯ ಬೂದಿ, ಮರಳು—ಇವೇ ಅದರ ದ್ರವ್ಯಗಳು. ಆ ರಹಸ್ಯವನ್ನು ಹೊರಗೆಡಹಿದ್ದಕ್ಕಾಗಿ ಅವನಿಗೆ ಸರಕಾರದ ಬೊಕ್ಕಸದಿಂದ ಬಹುಮಾನ ಸಂದಿತು. ಸಾವಿರಾರು ಮೈಲಿಗಳ ಅಂತರದಲ್ಲಿಯೂ ತತ್ತ್ವ ಒಂದೇ: ಗಾಯವಾದರೆ ಮುಚ್ಚು.

ಇಂಗ್ಲೆಂಡಿನ ಸಾಮರ್ಸೆಟ್ಟಿನಲ್ಲಿ ಹುಟ್ಟಿ, ಅಮೆರಿಕೆಯ ಒಹಾಯೋ ಸಂಸ್ಥಾನದಲ್ಲಿ ನೆಲೆಸಿದ ಜಾನ್ ಡೇವಿಯು ೧೯೦೧ರಲ್ಲಿ ‘ದಿ ಟ್ರೀ ಡಾಕ್ಟರ್’ ಎಂಬ ಪುಸ್ತಕವನ್ನು ಪ್ರಕಟಿಸಿದ ಮೇಲೆ ಈ ಕೆಲಸಕ್ಕೆ ಉದ್ಯಮದ ರೂಪ ಬಂದಿತು. ಹಲ್ಲಿನ ವೈದ್ಯನು ಹುಳುಕನ್ನು ಕೆರೆದು ತುಂಬುವಂತೆ ಪೊಟರೆಯನ್ನು ಕೆರೆದು ಸಿಮೆಂಟು ತುಂಬುವುದು ಆ ಕಾಲದ ಪದ್ಧತಿಯಾಗಿತ್ತು. ‘ಶಸ್ತ್ರವೈದ್ಯ’ನೆಂಬ ಹೆಸರು ಅಂಟಿಕೊಂಡದ್ದು ಇಂಥ ಚಿಕಿತ್ಸೆಗಳಿಂದಲೇ.

೨. ಮರದ ನಾಲ್ಕು ಗೋಡೆಗಳು

ಈ ನಂಬಿಕೆಯ ಬುಡವನ್ನೇ ಅಲುಗಾಡಿಸಿದವನು ಅಮೆರಿಕೆಯ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ (೧೯೩೦–೨೦೦೬). ಅವನಿಗಿಂತ ಹಿಂದಿನವರು ಮರವನ್ನು ಅಡ್ಡ ಕೊಯ್ದು ನೋಡುತ್ತಿದ್ದರು. ಇವನು ಯಂತ್ರಗರಗಸದಿಂದ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯದಿಂದ ಹೊರಟ ಲಡ್ಡು ಎಲ್ಲಿಯವರೆಗೆ ಹರಿದಿದೆ, ಎಲ್ಲಿ ನಿಂತಿದೆ ಎಂಬುದನ್ನು ಪರಿಶೀಲಿಸಿದನು. ೧೯೭೭ರಲ್ಲಿ ಪ್ರಕಟವಾದ ಅವನ ಸಿದ್ಧಾಂತದ ಸಾರ ಇಷ್ಟು. ಪ್ರಾಣಿಯ ದೇಹದಲ್ಲಿ ಗಾಯವಾದರೆ ಆ ಸ್ಥಳದಲ್ಲಿಯೇ ಹೊಸ ಜೀವಕೋಶಗಳು ಹುಟ್ಟಿ ಗಾಯ ಮಾಯುತ್ತದೆ. ಮರದಲ್ಲಿ ಹಾಗಾಗುವುದಿಲ್ಲ. ಕೆಟ್ಟ ಕಟ್ಟಿಗೆ ಎಂದೆಂದಿಗೂ ಕೆಟ್ಟೇ ಇರುತ್ತದೆ. ಮರವು ಅದನ್ನು ಗೋಡೆ ಕಟ್ಟಿ ಬೇರ್ಪಡಿಸಿ, ಹೊರಗಡೆ ಹೊಸ ಕಟ್ಟಿಗೆಯನ್ನು ಬೆಳೆಸುತ್ತದೆ, ಅಷ್ಟೆ.

ಈ ಗೋಡೆಗಳು ನಾಲ್ಕು. ಮೊದಲನೆಯದು ಲಡ್ಡು ಮೇಲಕ್ಕೂ ಕೆಳಕ್ಕೂ ಹರಿಯದಂತೆ ತಡೆಯುತ್ತದೆ; ಎಲ್ಲಕ್ಕಿಂತ ದುರ್ಬಲವಾದುದು ಇದೇ. ಎರಡನೆಯದು ಕಾಂಡದ ನಡುವಿನ ಕಡೆಗೆ, ಮೂರನೆಯದು ಅಕ್ಕಪಕ್ಕಗಳಿಗೆ ಹರಡದಂತೆ ತಡೆಯುತ್ತವೆ. ನಾಲ್ಕನೆಯದು ಗಾಯವಾದ ಮೇಲೆ ಬೆಳೆಯುವ ಕಟ್ಟಿಗೆಗೂ ಹಳೆಯ ಕಟ್ಟಿಗೆಗೂ ನಡುವೆ ಹುಟ್ಟುವ ಗೋಡೆ, ಎಲ್ಲಕ್ಕಿಂತ ಬಲವಾದುದು. ಒಳಗೆ ಟೊಳ್ಳಾದ ಹಿರಿಯ ಮರವೂ ಹೊರಗೆ ಹಸಿರಾಗಿ ನಿಂತಿರುವುದು ಇದರ ಬಲದಿಂದಲೇ.

ಇದರಿಂದ ಕಸುಬಿಗೆ ಒದಗಿದ ಪಾಠಗಳು ಎರಡು. ಕೊಂಬೆಯು ಕಾಂಡವನ್ನು ಕೂಡುವೆಡೆಯಲ್ಲಿ ಉಂಗುರದಂಥ ಒಂದು ಉಬ್ಬು ಇರುತ್ತದೆ. ಅದನ್ನು ಕೊಂಬೆಯ ಕೊರಳು ಎನ್ನೋಣ. ಗೋಡೆ ಕಟ್ಟುವ ಸಾಮರ್ಥ್ಯ ಅಲ್ಲಿ ಹೆಚ್ಚು. ಕೊಯ್ತ ಈ ಕೊರಳಿನ ಹೊರಗೆ ಬೀಳಬೇಕು. ಕಾಂಡಕ್ಕೆ ಸಮನಾಗಿ ಕೊಯ್ದರೆ ಕೊರಳೇ ಹೋಗಿ, ಕಾಂಡದ ಕಟ್ಟಿಗೆಯೇ ಗಾಯಗೊಳ್ಳುತ್ತದೆ. ದೂರದಲ್ಲಿ ಕೊಯ್ದು ಮೋಟು ಬಿಟ್ಟರೆ ಅದು ಒಣಗಿ ಕೊಳೆತು ಒಳಗೆ ದಾರಿ ಮಾಡುತ್ತದೆ. ಎರಡನೆಯ ಪಾಠ: ಡಾಂಬರು, ಬಣ್ಣ, ಸಿಮೆಂಟುಗಳು ಲಡ್ಡನ್ನು ತಡೆಯಲಾರವು. ಪೊಟರೆಯನ್ನು ಕೆರೆಯುವಾಗ ಮರವು ಕಟ್ಟಿಕೊಂಡ ಗೋಡೆಯೇ ಒಡೆಯುತ್ತದೆ. ನಮ್ಮ ಮಳೆಮರಕ್ಕೆ ನಾವು ಈ ಎರಡು ಅಪಚಾರಗಳಲ್ಲಿ ಮೊದಲನೆಯದನ್ನು ಮಾಡಿ, ಎರಡನೆಯದರಿಂದ ಅದನ್ನು ಮರೆಸಿದ್ದೆವು.

೩. ದಿನಚರಿ

ಇಂಗ್ಲೆಂಡಿನ ವೃಕ್ಷಚಿಕಿತ್ಸಕನ ದಿನ ಮರದ ಬುಡದಲ್ಲಿ, ಕೈಕಟ್ಟಿ ನೋಡುವುದರಿಂದ ಆರಂಭವಾಗುತ್ತದೆ. ಬುಡದಲ್ಲಿ ಅಣಬೆ ಎದ್ದಿದೆಯೇ, ಬೇರಿನ ಬಳಿ ಮಣ್ಣು ಬಿರಿದಿದೆಯೇ, ಕವಲಿನಲ್ಲಿ ಸೀಳುಂಟೇ ಎಂದು ಪರೀಕ್ಷಿಸುತ್ತಾನೆ. ಮೆದು ತಲೆಯ ಸುತ್ತಿಗೆಯಿಂದ ಕಾಂಡವನ್ನು ಬಡಿದು, ಕೊಳ್ಳುವವಳು ಮಡಕೆಯನ್ನು ತಟ್ಟಿ ನೋಡುವಂತೆ, ದನಿಯಿಂದ ಟೊಳ್ಳನ್ನು ಗುರುತಿಸುತ್ತಾನೆ. ವಿದ್ಯುತ್ತಿನ ತಂತಿ, ಕೆಳಗಿನ ದಾರಿ, ಸಮೀಪದ ಆಸ್ಪತ್ರೆ—ಎಲ್ಲವನ್ನೂ ಬರೆದಿಟ್ಟ ಮೇಲೆಯೇ ಏರುವ ಮಾತು. ಹಕ್ಕಿ ಗೂಡು ಕಟ್ಟಿದ್ದರೆ, ಬಾವಲಿಗಳು ವಾಸವಾಗಿದ್ದರೆ ಕೆಲಸ ನಿಲ್ಲಬೇಕು. ಅವಕ್ಕೆ ಅಲ್ಲಿ ಕಾಯಿದೆಯ ರಕ್ಷಣೆಯುಂಟು. ಕೆಲವು ಮರಗಳಿಗೆ ಸ್ಥಳೀಯ ಆಡಳಿತವು ಸಂರಕ್ಷಣೆಯ ಆಜ್ಞೆ ಹೊರಡಿಸಿರುತ್ತದೆ. ಅಂಥವುಗಳ ರೆಂಬೆ ಕಡಿಯಲೂ ಒಪ್ಪಿಗೆ ಬೇಕು. ಕೊಯ್ಯುವ ಕ್ರಮಕ್ಕೆ ೧೯೬೬ರಲ್ಲಿ ಮೊದಲು ಹೊರಟು, ೨೦೧೦ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಮಾನಕವೇ ಇದೆ.

ಒಬ್ಬಂಟಿಯಾಗಿ ಏರುವಂತಿಲ್ಲ. ನೆಲದ ಮೇಲೆ ನಿಂತವನು ಹಗ್ಗ ಹಿಡಿಯುವ ಆಳು ಮಾತ್ರವಲ್ಲ. ಮೇಲಿನವನಿಗೆ ಗಾಯವಾದರೆ ಏರಿ ಇಳಿಸಿಕೊಂಡು ಬರಬಲ್ಲವನು ಕೆಳಗೆ ಸಿದ್ಧನಿರಬೇಕು. ನೆಲದ ಮೇಲೆ ಗರಗಸ ಹಿಡಿಯಲು, ಮರವೇರಲು, ಮರದ ಮೇಲೆ ಗರಗಸ ನಡೆಸಲು ಬೇರೆ ಬೇರೆ ಪರೀಕ್ಷೆಗಳಿವೆ.

ತೋರವಾದ ಕೊಂಬೆಯನ್ನು ಮೂರು ಕೊಯ್ತಗಳಲ್ಲಿ ತೆಗೆಯುವುದು ನಿಯಮ. ಕಾಂಡದಿಂದ ಒಂದು ಅಡಿಯಷ್ಟು ದೂರದಲ್ಲಿ ಮೊದಲು ಕೆಳಗಿನಿಂದ ಕಾಲುಭಾಗ. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಎರಡನೆಯದು. ಭಾರವೆಲ್ಲ ಕಳಚಿ ಬಿದ್ದ ಮೇಲೆ, ಉಳಿದ ಮೋಟನ್ನು ಕೊರಳಿನ ಅಂಚಿಗೆ ಮೂರನೆಯ ಕೊಯ್ತ. ಹೀಗೆ ಮಾಡದೆ ಮೇಲಿನಿಂದ ಒಂದೇ ಸಲ ಕೊಯ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಹೋಗುತ್ತದೆ.

ಋತುವಿಗನುಸಾರವಾಗಿ ಅಪಾಯವೂ ಬದಲಾಗುತ್ತದೆ. ೧೯೮೭ರ ಅಕ್ಟೋಬರ್ ೧೬ರ ಬಿರುಗಾಳಿ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸುಮಾರು ಒಂದೂವರೆ ಕೋಟಿ ಮರಗಳನ್ನು ಉರುಳಿಸಿತು. ಬಾಗಿ ಬಿಗಿದು ಬಿದ್ದ ಮರವನ್ನು ಕೊಯ್ಯುವುದು ಬಿಲ್ಲಿನ ಹೆದೆಯನ್ನು ಕತ್ತರಿಸಿದಂತೆ. ೨೦೧೨ರಲ್ಲಿ ಅಲ್ಲಿ ಕಾಣಿಸಿಕೊಂಡ ಶಿಲೀಂಧ್ರರೋಗದಿಂದ ಆಶ್ ಮರಗಳು ಸಾಯುತ್ತಿವೆ. ಸತ್ತ ಆಶ್ ಮರ ಬೇಗನೆ ಪೆಡಸಾಗಿ ಮುರಿಯುವುದರಿಂದ, ಅದನ್ನು ಏರದೆ ಯಂತ್ರದ ತೊಟ್ಟಿಲಲ್ಲಿ ನಿಂತು ಕಡಿಯುತ್ತಾರೆ. ಬಿದ್ದ ರೆಂಬೆಗಳು ಚಕ್ಕೆ ಮಾಡುವ ಯಂತ್ರಕ್ಕೆ ಹೋಗಿ, ಮರಳಿ ಮರದ ಬುಡಕ್ಕೆ ಹೊದಿಕೆಯಾಗುವುದೂ ಉಂಟು.

೪. ಸಲಕರಣೆ

ಸಲಕರಣೆಗಳಲ್ಲಿ ಮೊದಲನೆಯದು ಹಗ್ಗ. ಮರಳು ಅಥವಾ ಸೀಸದ ಗುಂಡು ತುಂಬಿದ ಪುಟ್ಟ ಚೀಲವನ್ನು ಸಣ್ಣ ದಾರಕ್ಕೆ ಕಟ್ಟಿ, ಎತ್ತರದ ಗಟ್ಟಿ ಕವಲಿನ ಮೇಲಿಂದ ಹಾಯುವಂತೆ ಎಸೆಯುತ್ತಾರೆ. ಆ ದಾರದ ಹಿಂದೆ ಏರುವ ಹಗ್ಗ ಸಾಗುತ್ತದೆ. ಇದರ ದಪ್ಪ ಸಾಮಾನ್ಯವಾಗಿ ೧೧ರಿಂದ ೧೩ ಮಿಲಿಮೀಟರು. ಸೊಂಟ ತೊಡೆಗಳನ್ನು ಹಿಡಿಯುವ ಪಟ್ಟಿಯೊಂದಿಗೆ ಹಗ್ಗವನ್ನು ಸೇರಿಸುವುದು ಒಂದು ವಿಶೇಷ ಗಂಟು. ಕೈಯಿಂದ ಸರಿಸಿದರೆ ಸರಿಯುವ, ಮೈಭಾರ ಬಿದ್ದೊಡನೆ ಬಿಗಿದು ನಿಲ್ಲುವ ಈ ಬಗೆಯ ಗಂಟುಗಳಲ್ಲಿ ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ೧೯೩೧ರಲ್ಲಿ ಪ್ರಚಾರಕ್ಕೆ ತಂದದ್ದು ಪ್ರಸಿದ್ಧವಾದುದು. ಗರಗಸ ನಡೆಸುವಾಗ ಇದೊಂದೇ ಸಾಲದು. ನಡುವೆ ಉಕ್ಕಿನ ತಂತಿಯಿರುವ ಇನ್ನೊಂದು ಗಿಡ್ಡ ಹಗ್ಗದಿಂದಲೂ ಮರಕ್ಕೆ ಕಟ್ಟಿಕೊಂಡಿರಬೇಕು. ಇಂಥ ಸಾಮಗ್ರಿಯನ್ನು ಆರು ತಿಂಗಳಿಗೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಬೇಕೆಂದು ೧೯೯೮ರ ನಿಯಮಗಳು ವಿಧಿಸುತ್ತವೆ. ಬ್ಯಾಂಕಿನ ತಿಜೋರಿಯ ತಪಾಸಣೆಗಿಂತ ಇದು ಕಡಿಮೆ ಕಟ್ಟುನಿಟ್ಟಿನದಲ್ಲ.

ಎರಡನೆಯದು ಗರಗಸ. ಸಣ್ಣ ರೆಂಬೆಗಳಿಗೆ ಎಳೆದಾಗ ಕೊಯ್ಯುವ ಬಾಗಿದ ಕೈಗರಗಸ. ತೋರವಾದವಕ್ಕೆ ಸರಪಳಿಯ ಯಂತ್ರಗರಗಸ. ಗರಗಸದವನ ಷರಾಯಿಯ ಒಳಪದರಗಳಲ್ಲಿ ಉದ್ದವಾದ ನೂಲುಗಳಿರುತ್ತವೆ. ಸರಪಳಿ ತಾಕಿದೊಡನೆ ಅವು ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಯಂತ್ರವನ್ನು ನಿಲ್ಲಿಸುತ್ತವೆ. ತಲೆಗೆ ಶಿರಸ್ತ್ರಾಣ, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ. ಕೆಳಗೆ ಮನೆಯೋ ಗೋಡೆಯೋ ಇದ್ದಾಗ ಕೊಂಬೆಯನ್ನು ಬೀಳಬಿಡದೆ, ರಾಟೆಯ ಮೇಲೆ ಹಾಯಿಸಿದ ಹಗ್ಗದಿಂದ ಮೆಲ್ಲನೆ ಇಳಿಸುತ್ತಾರೆ. ಪಾದಕ್ಕೆ ಕಟ್ಟುವ ಉಕ್ಕಿನ ಮುಳ್ಳುಗಳೂ ಉಂಟು. ಆದರೆ ಅವನ್ನು ಪೂರ್ತಿ ಕಡಿದುಹಾಕುವ ಮರಕ್ಕೆ ಮಾತ್ರ ಬಳಸಬೇಕು. ಉಳಿಸುವ ಮರಕ್ಕೆ ಪ್ರತಿಯೊಂದು ಹೆಜ್ಜೆಯೂ ಒಂದು ಗಾಯ.

೫. ಕೊನೆಗೌಡನೂ ನಮ್ಮ ನಗರಗಳೂ

ಈ ಕೊನೆಯ ನಿಯಮವನ್ನು ಓದುವಾಗ ಮಲೆನಾಡಿನವರಿಗೆ ಅಡಿಕೆಯ ಕೊನೆಗೌಡನ ನೆನಪಾಗದಿರದು. ಕಾಲಿಗೆ ಬಳೆಯಂತೆ ತೊಡುವ ತಳೆಯೊಂದಿಗೆ ನುಣುಪಾದ ಮರವನ್ನೇರಿ, ಕೊನೆ ಕೊಯ್ದು, ಮರವನ್ನೇ ಬಾಗಿಸಿ ಮತ್ತೊಂದು ಮರಕ್ಕೆ ದಾಟುವ ಅವನ ಚಾತುರ್ಯ ಅಸಾಧಾರಣವಾದುದು. ಅಡಿಕೆಯ ಜಾತಿಯ ಮರಗಳಲ್ಲಿ ವರ್ಷವರ್ಷವೂ ಹೊರಗೆ ಹೊಸ ಕಟ್ಟಿಗೆ ಕೂಡುವ ಪದರವೇ ಇಲ್ಲ. ಆದುದರಿಂದ ಅವುಗಳ ಗಾಯ ಮುಚ್ಚುವುದೂ ಇಲ್ಲ. ತಳೆಯಾದರೋ ಮರವನ್ನು ನೋಯಿಸದೆ ಏರಿಸುತ್ತದೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ೧೯೧೦ರ ಸುಮಾರಿಗೆ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸೂಚಿಸಿದ ಮೇಲೆ, ಮಳೆಯ ನಡುವೆ ಮರವೇರಿ ಅದನ್ನು ಹೊಡೆಯುವ ಹೊಣೆಯೂ ಇವನ ಮೇಲೆಯೇ ಬಿದ್ದಿತು. ಕೊನೆಗೌಡರು ವಿರಳವಾಗಿ, ನೆಲದಿಂದಲೇ ಕೊಯ್ಯುವ ಉದ್ದನೆಯ ದೋಟಿಗಳು ಈಗ ಬಳಕೆಗೆ ಬಂದಿವೆ.

ನಗರದ ಮರಗಳಿಗೆ ಕಾಯಿದೆಯ ಬೆಂಬಲವಿಲ್ಲವೆಂದಲ್ಲ. ಮಹಾರಾಷ್ಟ್ರದಲ್ಲಿ ೧೯೭೫ರ, ಕರ್ನಾಟಕದಲ್ಲಿ ೧೯೭೬ರ ವೃಕ್ಷಸಂರಕ್ಷಣೆಯ ಕಾಯಿದೆಗಳಿವೆ. ದಿಲ್ಲಿಯಲ್ಲಿ ೨೦೧೩ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞಾಪಿಸಿತು. ಆದರೆ ಅನುಮತಿಪತ್ರವು ಕೊಂಬೆ ಕಡಿಯಬಹುದೆಂದು ಹೇಳುತ್ತದೆಯೇ ಹೊರತು, ಕೊಡಲಿ ಎಲ್ಲಿ ಬೀಳುತ್ತದೆಂಬುದನ್ನು ನಿಂತು ನೋಡುವುದಿಲ್ಲ. ಕಟ್ಟಡದ ಕಡೆಯ ಕೊಂಬೆಗಳನ್ನಷ್ಟೇ ಸವರಿದಾಗ ಮರ ಒಂದು ಪಕ್ಕಕ್ಕೆ ವಾಲುತ್ತದೆ. ತಲೆಯನ್ನೇ ಬೋಳಿಸಿದಾಗ ಎಲೆ ಹೋಗಿ ಆಹಾರ ತಪ್ಪುತ್ತದೆ. ಮೋಟಿನಿಂದ ಚಿಗುರುವ ಹೊಸ ಕೊಂಬೆಗಳ ಬೆಸುಗೆ ಮೇಲುಮೇಲಿನದಾಗಿ, ಮುಂದೊಂದು ಗಾಳಿಗೆ ಅವೇ ಮುರಿಯುತ್ತವೆ. ಅಪಾಯವನ್ನು ನಿವಾರಿಸುವ ಹೆಸರಿನಲ್ಲಿ ನಾವು ಮುಂದಿನ ಹತ್ತು ವರ್ಷಗಳ ಅಪಾಯವನ್ನು ಬಿತ್ತುತ್ತೇವೆ. ಬರಿಗಾಲಿನಲ್ಲಿ, ಹಗ್ಗವಿಲ್ಲದೆ ಏರುವ ಆಳಿನ ಪ್ರಾಣವಂತೂ ಯಾವ ಬಿಲ್ಲಿನಲ್ಲಿಯೂ ಕಾಣಿಸದ ಬಾಬು.

ನಮ್ಮಲ್ಲಿ ಅನೇಕರು ಒಂದಿಲ್ಲೊಂದು ಸೊಸಾಯಿಟಿಯ ಕಾರ್ಯದರ್ಶಿಗಳೋ ಕೋಶಾಧಿಕಾರಿಗಳೋ ಆಗಿದ್ದೇವೆ. ಕೆಲಸವನ್ನು ಒಪ್ಪಿಸುವ ಮುನ್ನ ಮೂರು ಪ್ರಶ್ನೆ ಕೇಳುವುದು ನಮ್ಮ ಕೈಯಲ್ಲಿದೆ: ಕೊಂಬೆಯನ್ನು ಕೊರಳಿನ ಹೊರಗೆ ಕೊಯ್ಯುವೆಯಾ? ಮೂರು ಕೊಯ್ತಗಳಲ್ಲಿ ಕೊಯ್ಯುವೆಯಾ? ಏರುವವನಿಗೆ ಹಗ್ಗ, ಪಟ್ಟಿ, ಶಿರಸ್ತ್ರಾಣ ಕೊಟ್ಟಿರುವೆಯಾ? ಇದರಿಂದ ಖರ್ಚು ಕೊಂಚ ಹೆಚ್ಚಾಗುತ್ತದೆ. ಸಭೆಯಲ್ಲಿ ಆಕ್ಷೇಪವೂ ಬರುತ್ತದೆ. ನಮ್ಮಲ್ಲಿಯೂ ಬಂದಿತು. ಕಳೆದ ವರ್ಷ ಉಳಿದರ್ಧ ಮರವನ್ನು ಈ ಕ್ರಮದಲ್ಲಿ ಸವರಿಸಿ, ಯಾವ ಲೇಪವನ್ನೂ ಬಳಿಯದೆ ಬಿಟ್ಟೆವು. ಈಗ ಆ ಕೊಯ್ತಗಳ ಅಂಚಿನಲ್ಲಿ ಸುತ್ತಲೂ ಹೊಸ ತೊಗಟೆಯ ಉಂಗುರ ಮೂಡಿದೆ. ಹಳೆಯ ಗಾಯ ಮಾಯಲಿಲ್ಲ, ಮಾಯುವುದೂ ಇಲ್ಲ. ಆದರೆ ಮರ ತನ್ನ ಗೋಡೆಯನ್ನು ಕಟ್ಟಿಕೊಳ್ಳುತ್ತಿದೆ.