ಹನ್ನೆರಡು ಮಾತ್ರೆ, ನಾಲ್ಕು ಅಂಗೈ

ವೇದಿಕೆಯ ಮೇಲೆ ಇಬ್ಬರು. ಪಿಟೀಲಿಲ್ಲ, ಕೊಳಲಿಲ್ಲ, ಪಿಯಾನೊ ಅಂತೂ ಇಲ್ಲವೇ ಇಲ್ಲ. ನಾಲ್ಕೈದು ನಿಮಿಷ ಚಪ್ಪಾಳೆ ತಟ್ಟಿ, ನಮಸ್ಕರಿಸಿ ಒಳಗೆ ಹೋಗುತ್ತಾರೆ. ಇದೂ ಒಂದು ಸಂಗೀತವೇ ಎಂದು ಹುಬ್ಬೇರಿಸಬೇಡಿ. ಅಮೆರಿಕದ ಸ್ಟೀವ್ ರೈಷ್ 1972ರಲ್ಲಿ ರಚಿಸಿದ 'ಕ್ಲ್ಯಾಪಿಂಗ್ ಮ್ಯೂಸಿಕ್' ಪಾಶ್ಚಾತ್ಯ ಕಚೇರಿಗಳಲ್ಲಿ ಇಂದಿಗೂ ಕೇಳಿಬರುವ ಕೃತಿ.

ರೈಷ್ ನ್ಯೂಯಾರ್ಕಿನವರು, ಹುಟ್ಟಿದ್ದು 1936ರಲ್ಲಿ. 1965ರಲ್ಲಿ ಅವರು ಒಂದೇ ಧ್ವನಿಯನ್ನು ಎರಡು ಟೇಪ್ ರೆಕಾರ್ಡರುಗಳಲ್ಲಿ ಒಟ್ಟಿಗೆ ಹಾಕಿದರು. ಒಂದು ಯಂತ್ರ ಕೂದಲೆಳೆಯಷ್ಟು ಹಿಂದೆ ಬೀಳತೊಡಗಿತು. ಬೇರೆಯವರಾಗಿದ್ದರೆ ಅದನ್ನು ರಿಪೇರಿಗೆ ಕೊಡುತ್ತಿದ್ದರು. ಇವರು ಕೇಳುತ್ತ ಕುಳಿತರು! ಸ್ವಲ್ಪ ಉದ್ದ ವ್ಯತ್ಯಾಸವಿರುವ ಎರಡು ಲೋಲಕಗಳು ಜೊತೆ ತಪ್ಪಿ ಮತ್ತೆ ಜೊತೆಗೂಡುವುದನ್ನು ಪ್ರಯೋಗಶಾಲೆಯಲ್ಲಿ ನೋಡಿದವರಿಗೆ ಆ ಬೆರಗು ಅರ್ಥವಾದೀತು. 1967ರ 'ಪಿಯಾನೊ ಫೇಸ್' ಕೃತಿಯಲ್ಲಿ ಒಬ್ಬ ವಾದಕ ಇನ್ನೊಬ್ಬನಿಂದ ಮೆಲ್ಲಗೆ ಜಾರಿ ಮುಂದೆ ಹೋಗುತ್ತಾನೆ. ಚಪ್ಪಾಳೆಗೆ ಆ ಮೆಲ್ಲನೆಯ ಜಾರು ಹೊಂದಲಿಲ್ಲ. ಹಾಗಾಗಿ ಇಲ್ಲಿ ಒಮ್ಮೆಗೇ ಒಂದು ಮಾತ್ರೆ ಜರುಗುವುದು.

ಲೆಕ್ಕ ಹೀಗಿದೆ. ಮೂರು ತಟ್ಟು, ಒಂದು ಬಿಡು. ಎರಡು ತಟ್ಟು, ಒಂದು ಬಿಡು. ಒಂದು ತಟ್ಟು, ಒಂದು ಬಿಡು. ಮತ್ತೆ ಎರಡು ತಟ್ಟು, ಒಂದು ಬಿಡು. ಎಂಟು ಪೆಟ್ಟು, ನಾಲ್ಕು ಮೌನ, ಒಟ್ಟು 12 ಮಾತ್ರೆ. ಮೊದಲನೆಯವರು ಕೊನೆಯವರೆಗೂ ಇದನ್ನೇ ತಟ್ಟುತ್ತಾರೆ. ಎರಡನೆಯವರು ಹಲವು ಆವರ್ತ ಜೊತೆಗಿದ್ದು, ಬಳಿಕ ಒಂದು ಮಾತ್ರೆ ಮುಂದಕ್ಕೆ ಜರುಗುತ್ತಾರೆ. ಹೀಗೆ 12 ಸಲ ಜರುಗಿದರೆ ಇಬ್ಬರೂ ಹೊರಟಲ್ಲಿಗೇ ಬಂದು ಸೇರುತ್ತಾರೆ.

ಚೌಕಳಿ ಹಾಳೆಯಲ್ಲಿ ಎರಡು ಸಾಲು ಬರೆದು, ಕೆಳಗಿನದನ್ನು ಒಂದೊಂದೇ ಮನೆ ಸರಿಸಿ ನೋಡಿ. ಮೊದಲ ಜರುಗಿನಲ್ಲೇ ಮೌನವೆಲ್ಲ ಮಾಯ! ಒಬ್ಬರು ಬಿಟ್ಟಲ್ಲೆಲ್ಲ ಇನ್ನೊಬ್ಬರ ಪೆಟ್ಟು ಬೀಳುತ್ತದೆ. ಮೂರನೆಯದರಲ್ಲಿ ಎರಡು ಮೌನ ಮರಳುತ್ತವೆ, ಆರನೆಯದರಲ್ಲಿ ಮತ್ತೆ ಒಂದೂ ಇಲ್ಲ. ಒಂದು ಮತ್ತು ಹನ್ನೊಂದು, ಎರಡು ಮತ್ತು ಹತ್ತು ಏಕೆ ಜೋಡಿಯಾಗುತ್ತವೆ ಎಂಬುದನ್ನು ನೀವೇ ಕಂಡುಕೊಳ್ಳಿ. ನಾನು ಹೇಳಿಬಿಟ್ಟರೆ ಸ್ವಾರಸ್ಯ ಹೋಗುತ್ತದೆ.

ಒಂದು ಶನಿವಾರ ತರಗತಿ ಮುಗಿದ ಮೇಲೆ ಎಂಟನೆಯವರೊಡನೆ ಇದನ್ನು ಪ್ರಯತ್ನಿಸಿದೆ. ಬದಲಾಗದ ಭಾಗ ಸುಲಭವೆಂದು ಅದನ್ನು ನಾನೇ ಇಟ್ಟುಕೊಂಡೆ. ಜರುಗುವ ಕೆಲಸ ಒಬ್ಬ ಹುಡುಗಿಯದು. ಎರಡನೆಯ ಜರುಗಿಗೇ ನನ್ನ ಕೈ ಅವಳ ಹಿಂದೆ ಹೊರಟುಹೋಯಿತು. ತರಗತಿಯೇ ನಕ್ಕಿತು. ಸಂಗೀತ ಕಲಿಯುತ್ತಿದ್ದ ಇಬ್ಬರು ಬಂದರು. ಅವರದೂ ಅದೇ ಗತಿ. ತಾಳ ಹಾಕುವಾಗ ಪಕ್ಕದವರೊಡನೆ ಕೂಡಿಕೊಂಡೇ ರೂಢಿಯಾದ ಕೈ, ಇಲ್ಲಿ ಕೂಡಬಾರದು.

ಕಡೆಗೆ ನಿಂತದ್ದು ಹಿಂದಿನ ಬೆಂಚಿನ ಹುಡುಗ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವವನು. ಗುಟ್ಟೇನೆಂದು ಕೇಳಿದೆ. "ಅವಳ ಕೈ ನೋಡ್ಲೇ ಇಲ್ಲ ಸಾರ್, ಗೋಡೆ ನೋಡ್ತಿದ್ದೆ" ಎಂದ.

ತಂದೆತಾಯಂದಿರೇ, ಊಟವಾದ ಮೇಲೆ ಮಕ್ಕಳೊಡನೆ ಕುಳಿತು ನಿಧಾನವಾಗಿ ತಟ್ಟಿ ನೋಡಿ. ಬದಲಾಗದ ಭಾಗ ನಿಮ್ಮದಿರಲಿ, ಕಷ್ಟ ತಿಳಿಯುತ್ತದೆ. ನಮ್ಮ ಆ ಇಬ್ಬರು ಏಳನೆಯ ಜರುಗಿನವರೆಗೆ ಬಂದಿದ್ದಾರೆ. ಇನ್ನು ಐದು ಉಳಿದಿವೆ.